ಗರಗಸ, ರಂಪ ಮತ್ತು ಪರದೆಯ ಪಾಠ

ಸುಗ್ಗಿ ಮುಗಿದು ಹೊಲದ ಕೆಲಸ ಸಡಿಲವಾದರೆ ಸಾಕು, ತುಮಕೂರು ಸೀಮೆಯ ಹಳ್ಳಿಗಳಲ್ಲಿ ಸಂಜೆ ಹೊತ್ತು ಹಾರ್ಮೋನಿಯಂ ಸದ್ದು ಕೇಳತೊಡಗುತ್ತದೆ. ‘ಕುರುಕ್ಷೇತ್ರ’ ನಾಟಕದ ಅಭ್ಯಾಸ. ಪಾತ್ರಧಾರಿಗಳಲ್ಲಿ ರೈತರಿರುತ್ತಾರೆ, ಗಾರೆ ಕೆಲಸದವರಿರುತ್ತಾರೆ, ಕಿರಾಣಿ ಅಂಗಡಿಯವರಿರುತ್ತಾರೆ. ಓದು ಬಲ್ಲವರು ಪುಸ್ತಕ ಹಿಡಿದು ಮಾತು ಉರು ಹೊಡೆಯುತ್ತಾರೆ. ಓದು ಬಾರದವರಿಗೆ ಪಕ್ಕದವರು ಓದಿ ಹೇಳುತ್ತಾರೆ. ರಾಗದ ತಿರುವು ಮಾತ್ರ ಹಾರ್ಮೋನಿಯಂ ಮೇಷ್ಟ್ರ ಬಾಯಿಂದಲೇ ಬರಬೇಕು. ಈಚೀಚೆಗೆ ಮೇಷ್ಟ್ರ ಹಾಡನ್ನು ಮೊಬೈಲಿನಲ್ಲಿ ಹಿಡಿದಿಟ್ಟುಕೊಂಡು ಹೊಲದ ಬದುವಿನಲ್ಲಿ ಕೂತು ಕೇಳುವವರೂ ಉಂಟು. ಎರಡು ಮೂರು ತಿಂಗಳು ಕಳೆಯುವ ಹೊತ್ತಿಗೆ ದುರ್ಯೋಧನ ಗದೆ ಹಿಡಿದು ರಂಗದ ಮೇಲೆ ನಿಂತಿರುತ್ತಾನೆ. ನೂರಾರು ಸಾಲು ಮಾತು, ಹತ್ತಾರು ಪದ್ಯ, ಎಲ್ಲವೂ ಬಾಯಿಗೆ ಬಂದಿರುತ್ತವೆ.

ಪುಸ್ತಕ, ಗುರುವಿನ ಬಾಯಿ, ಜೊತೆಗಾರನ ನೆರವು, ಕೈಯಲ್ಲಿನ ಯಂತ್ರ. ಈ ನಾಲ್ಕೂ ಬೆರೆತ ಕಲಿಕೆಗೆ ಹಳ್ಳಿಯವರು ಹೆಸರೇನೂ ಇಟ್ಟಿಲ್ಲ. ಶಿಕ್ಷಣ ತಜ್ಞರು ಮಾತ್ರ ಇಂಥದ್ದಕ್ಕೆ ‘ಬ್ಲೆಂಡೆಡ್ ಲರ್ನಿಂಗ್’ ಎನ್ನುತ್ತಾರೆ. ಕನ್ನಡದಲ್ಲಿ ಮಿಶ್ರ ಕಲಿಕೆ. ತರಗತಿಯಲ್ಲಿ ಮುಖಾಮುಖಿ ನಡೆಯುವ ಪಾಠ ಸ್ವಲ್ಪ, ಯಂತ್ರದ ಮೂಲಕ ಬರುವ ಪಾಠ ಸ್ವಲ್ಪ. ಎರಡೂ ಒಂದಕ್ಕೊಂದು ಹೊಂದಿಕೊಂಡಿರಬೇಕು ಎಂಬುದು ಅದರ ತಿರುಳು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯ ದಾಖಲೆಯಲ್ಲಿ ಈ ಪದ ಬಂತು. ಮರುವರ್ಷ ವಿಶ್ವವಿದ್ಯಾಲಯ ಧನಸಹಾಯ ಆಯೋಗ ಒಂದು ಟಿಪ್ಪಣಿ ಹೊರಡಿಸಿ, ಕಾಲೇಜುಗಳಲ್ಲಿ ಶೇ 40ರವರೆಗೆ ಪಾಠವನ್ನು ಆನ್‌ಲೈನ್‌ನಲ್ಲಿ ನಡೆಸಬಹುದೆಂದು ಸೂಚಿಸಿತು. ಶೇಕಡಾವಾರು ಲೆಕ್ಕ ಹಾಕುವುದು ಸುಲಭ. ಬೆರೆಸುವ ಪಾತ್ರೆಯಲ್ಲಿ ಮೊದಲೇ ಏನಿದೆ ಎಂದು ನೋಡುವುದು ಕಷ್ಟ.

ಕಲಿಯುವ ಮಗುವಿನ ಸಂಸ್ಕೃತಿಗೆ ತಕ್ಕಂತೆ ಈ ಮಿಶ್ರಣವನ್ನು ಹದ ಮಾಡಬೇಕು ಎಂಬ ಮಾತು ವಿಚಾರಗೋಷ್ಠಿಗಳಲ್ಲಿ ಆಗಾಗ ಕೇಳಿಬರುತ್ತದೆ. ಒಪ್ಪತಕ್ಕ ಮಾತೇ. ಆದರೆ ಹಾಗೆಂದರೆ ಏನು? ಅದನ್ನು ಪರೀಕ್ಷೆಗೆ ಒಡ್ಡಲು ಮಧುಗಿರಿ ಶೈಕ್ಷಣಿಕ ಜಿಲ್ಲೆಗಿಂತ ತಕ್ಕ ಜಾಗ ಸಿಗುವುದು ಕಷ್ಟ.

ನಾಲ್ಕು ತಾಲ್ಲೂಕು, ಹಲವು ಮಾತು

ಆಡಳಿತದ ಅನುಕೂಲಕ್ಕಾಗಿ ತುಮಕೂರು ಜಿಲ್ಲೆಯನ್ನು ಶಿಕ್ಷಣ ಇಲಾಖೆ ಎರಡಾಗಿ ಮಾಡಿಕೊಂಡಿದೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳು ಮಧುಗಿರಿ ಶೈಕ್ಷಣಿಕ ಜಿಲ್ಲೆಗೆ ಸೇರಿವೆ. ನಾಲ್ಕೂ ಮಳೆ ಕಡಿಮೆ ಬೀಳುವ ತಾಲ್ಲೂಕುಗಳು. ನಾಲ್ಕರಲ್ಲೂ ಪಠ್ಯಪುಸ್ತಕ ಒಂದೇ. ಮನೆಯ ಮಾತು ಮಾತ್ರ ಒಂದೇ ಅಲ್ಲ.

ಪಾವಗಡ ತಾಲ್ಲೂಕನ್ನು ಬಹುಪಾಲು ಆಂಧ್ರಪ್ರದೇಶವೇ ಸುತ್ತುವರಿದಿದೆ. ಅಲ್ಲಿನ ಎಷ್ಟೋ ಹಳ್ಳಿಗಳಲ್ಲಿ ಮನೆಯೊಳಗೆ, ಬೀದಿಯಲ್ಲಿ, ಸಂತೆಯಲ್ಲಿ ನಡೆಯುವ ಮಾತು ತೆಲುಗು. ಮಧುಗಿರಿಯ ಗಡಿಭಾಗದಲ್ಲೂ ಅಷ್ಟೇ. ಇನ್ನು ಶಿರಾ. 1687ರಲ್ಲಿ ಮೊಗಲರ ಸುಬಾ ಆದ ಈ ಊರಿನಲ್ಲಿ ಇಂದಿಗೂ ದಖ್ಖನಿ ಉರ್ದು ಆಡುವ ಮನೆಗಳಿವೆ. ಅದೇ ಶಿರಾ ಸೀಮೆಯ ಕಾಡುಗೊಲ್ಲರ ಹಟ್ಟಿಗಳಲ್ಲಿ ಜುಂಜಪ್ಪನ ಕಥೆಯನ್ನು ಗಣೆ ಎಂಬ ಉದ್ದನೆಯ ಕೊಳಲು ನುಡಿಸುತ್ತ ಹಾಡುವ ಸಂಪ್ರದಾಯವಿದೆ. ಲಂಬಾಣಿ ತಾಂಡಾಗಳ ಮಾತು ಮತ್ತೊಂದು. ಗಡಿಯ ಆಚೆಗೆ ಹೋದರೆ ಇದೇ ಚಿತ್ರ ತಲೆಕೆಳಗು. ಆಂಧ್ರದ ಮಡಕಶಿರಾ ಕಡೆಯ ರೊಳ್ಳ, ಅಗಳಿ, ಅಮರಾಪುರಗಳಲ್ಲಿ ಕನ್ನಡ ಮಾತಾಡುವವರು ತೆಲುಗು ಆಡಳಿತದ ಕೆಳಗಿದ್ದಾರೆ. ಗೆರೆ ಎಳೆದವರು ಕಿವಿಗಳನ್ನು ಎಣಿಸಿರಲಿಲ್ಲ.

ಇಂಥ ಕಡೆ ‘ಸಂಸ್ಕೃತಿಗೆ ತಕ್ಕ ಕಲಿಕೆ’ ಎಂದೊಡನೆ ಹೊಳೆಯುವುದು ಒಂದು ಸರಳ ಸೂತ್ರ. ಹಟ್ಟಿಯ ಮಗುವಿಗೆ ಹಾಡು ಕೇಳಿಸಿ, ಪಟ್ಟಣದ ಮಗುವಿಗೆ ಚಿತ್ರ ತೋರಿಸಿ, ರೈತನ ಮಗುವಿಗೆ ಕೈಯಿಂದ ಮಾಡಿಸಿ. ಕೇಳಲು ಇಂಪಾಗಿದೆ. ಇಲ್ಲೇ ಎಡವುವುದು.

ಕಣ್ಣಿನಿಂದ ಕಲಿಯುವವರು, ಕಿವಿಯಿಂದ ಕಲಿಯುವವರು, ಓದಿ ಬರೆದು ಕಲಿಯುವವರು, ಮೈಕೈ ಆಡಿಸಿ ಕಲಿಯುವವರು ಎಂದು ಜನರನ್ನು ವಿಂಗಡಿಸುವ ಪದ್ಧತಿ 1990ರ ದಶಕದಲ್ಲಿ ನ್ಯೂಜಿಲೆಂಡಿನ ನೀಲ್ ಫ್ಲೆಮಿಂಗ್ ಅವರ ಪ್ರಶ್ನಾವಳಿಯಿಂದ ಬಹಳ ಪ್ರಚಾರ ಪಡೆಯಿತು. ಶಿಕ್ಷಕರ ತರಬೇತಿ ಶಿಬಿರಗಳಿಗೆ ಅದು ಅಚ್ಚುಮೆಚ್ಚು. ಆದರೆ 2008ರಲ್ಲಿ ಅಮೆರಿಕದ ನಾಲ್ವರು ಮನಶ್ಶಾಸ್ತ್ರಜ್ಞರು ಅದುವರೆಗಿನ ಸಂಶೋಧನೆಗಳನ್ನು ಜಾಲಾಡಿ ನೋಡಿದರು. ಮಗುವಿನ ‘ಶೈಲಿ’ ಗುರುತಿಸಿ ಅದಕ್ಕೆ ತಕ್ಕಂತೆ ಪಾಠ ಮಾಡಿದರೆ ಕಲಿಕೆ ಹೆಚ್ಚುತ್ತದೆ ಎನ್ನಲು ತಕ್ಕ ಆಧಾರ ಅವರಿಗೆ ಸಿಗಲಿಲ್ಲ. ಜನರಿಗೆ ಒಂದೊಂದು ಬಗೆ ಇಷ್ಟವಿರಬಹುದು. ಇಷ್ಟವಾದದ್ದರಿಂದಲೇ ಹೆಚ್ಚು ಕಲಿಯುತ್ತಾರೆ ಎಂದಲ್ಲ. ಭೂಪಟವನ್ನು ಯಾರಾದರೂ ಕಣ್ಣಿನಿಂದಲೇ ನೋಡಬೇಕು, ಪದ್ಯವನ್ನು ಯಾರಾದರೂ ಕಿವಿಯಿಂದಲೇ ಕೇಳಬೇಕು.

ವ್ಯಕ್ತಿಗಳ ಮಟ್ಟಿಗೇ ನಿಲ್ಲದ ಸೂತ್ರವನ್ನು ಜಾತಿ, ಜನಾಂಗಗಳಿಗೆ ಹಚ್ಚಿದರೆ ಅಪಾಯ ಇನ್ನೂ ದೊಡ್ಡದು. ‘ಇವರು ಹಾಡುವ ಜನ, ಇವರ ಮಕ್ಕಳಿಗೆ ಹಾಡಿದರೆ ಸಾಕು’ ಎಂಬಲ್ಲಿಂದ ‘ಇವರ ಮಕ್ಕಳಿಗೆ ಲೆಕ್ಕ ಹತ್ತುವುದಿಲ್ಲ’ ಎಂಬಲ್ಲಿಗೆ ಹೆಚ್ಚು ದೂರವಿಲ್ಲ. ಗಣೆಯ ನಾದ ಕೇಳುತ್ತ ಬೆಳೆದ ಮಗುವಿಗೂ ಬೀಜಗಣಿತ ಬೇಕು, ಅದರ ಅಪ್ಪ ಅಮ್ಮ ಶಾಲೆಗೆ ಕಳಿಸಿದ್ದು ಅದಕ್ಕಾಗಿಯೇ. ಮೇಲಾಗಿ ಸಂಸ್ಕೃತಿಯೆಂಬುದು ಗಾಜಿನ ಪೆಟ್ಟಿಗೆಯಲ್ಲಿಟ್ಟ ವಸ್ತುವೂ ಅಲ್ಲ. ಪಾವಗಡದ ತಿರುಮಣಿ ಸುತ್ತಿನ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ 2018ರಿಂದೀಚೆಗೆ ಸೌರ ಫಲಕಗಳು ಎದ್ದಿವೆ. 2,050 ಮೆಗಾವಾಟ್ ಸಾಮರ್ಥ್ಯದ ವಿದ್ಯುತ್ ಘಟಕ. ತಾತ ಶೇಂಗಾ ಬಿತ್ತುತ್ತಿದ್ದ ಕಡೆ ಮೊಮ್ಮಗ ನೀಲಿ ಫಲಕಗಳ ಸಾಲು ನೋಡುತ್ತ ಶಾಲೆಗೆ ಹೋಗುತ್ತಾನೆ. ಅವನಿಗೆ ಯಾವ ‘ಶೈಲಿ’ ಎಂದು ಚೀಟಿ ಅಂಟಿಸುವುದು?

ಹಾಗಾದರೆ ಸಂಸ್ಕೃತಿಗೂ ಕಲಿಕೆಗೂ ಸಂಬಂಧವೇ ಇಲ್ಲವೆ? ಇದೆ. ಅದು ಮಗುವಿನ ಮಿದುಳಿನೊಳಗೆ ಇಲ್ಲ. ಮಗು ಯಾವ ಮಾತಿನಲ್ಲಿ ಕೇಳುತ್ತದೆ, ಯಾರ ಪಕ್ಕ ಕೂತು ಕೇಳುತ್ತದೆ ಎಂಬಲ್ಲಿ ಇದೆ.

ಓದಲು ಬಂತು, ಅರ್ಥ ಬರಲಿಲ್ಲ

ಕನ್ನಡ ಶಾಲೆಗಳ ‘ನಲಿ-ಕಲಿ’ ತರಗತಿಯಲ್ಲಿ ಅಕ್ಷರ ಕಲಿಕೆ ಅ, ಆ, ಇ, ಈ ಕ್ರಮದಲ್ಲಿ ಶುರುವಾಗುವುದಿಲ್ಲ. ರ, ಗ, ಸ, ದ, ಅ ಎಂಬ ಐದು ಅಕ್ಷರ ಮೊದಲು. ಬರೆಯಲು ಸುಲಭ, ರೂಪದಲ್ಲಿ ಹತ್ತಿರ. ಅಷ್ಟು ಕಲಿತರೆ ಸಾಕು, ಸರ, ದರ, ಅರಸ, ಗರಗಸ ಎಂದು ಪದಗಳನ್ನೇ ಓದಬಹುದು. ಐದು ಅಕ್ಷರ ಕಲಿತ ವಾರದಲ್ಲೇ ಮಗು ‘ನಾನು ಓದಿದೆ’ ಎಂದು ಹಿಗ್ಗುತ್ತದೆ. ಜಾಣ ಯೋಜನೆ.

ಆದರೆ ಈ ಹಿಗ್ಗು ಮನೆಯಲ್ಲಿ ಕನ್ನಡ ಕೇಳಿದ ಮಗುವಿನದು. ತೆಲುಗು ಮನೆಯ ಮಗು ಗ, ರ, ಗ, ಸ ಜೋಡಿಸಿ ‘ಗರಗಸ’ ಎಂದು ತಪ್ಪಿಲ್ಲದೆ ಓದುತ್ತದೆ. ಓದಿದ ಮೇಲೆ ಕಣ್ಣ ಮುಂದೆ ಏನೂ ಮೂಡುವುದಿಲ್ಲ. ಮರ ಕೊಯ್ಯುವ ಆ ಹಲ್ಲಿನ ಸಲಕರಣೆಗೆ ತೆಲುಗಿನಲ್ಲಿ ‘ರಂಪಂ’ ಎನ್ನುತ್ತಾರೆ. ಬಡಗಿಯ ಮಗನಾಗಿದ್ದರೆ ದಿನಬೆಳಗಾದರೆ ಅದನ್ನು ಮುಟ್ಟುತ್ತಿರುತ್ತಾನೆ. ಕನ್ನಡದ ಮೇಷ್ಟ್ರ ಮುಂದೆ ಅವನು ‘ರಂಪ’ ಎಂದರೆ ಮೇಷ್ಟ್ರಿಗೆ ಕೇಳಿಸುವುದು ಗಲಾಟೆ. ತೆಲುಗಿನಲ್ಲಿ ‘ಇಲ್ಲು’ ಎಂದರೆ ಮನೆ, ಕನ್ನಡದಲ್ಲಿ ‘ಇಲ್ಲ’ ಎಂದರೆ ಇಲ್ಲ. ಅಲ್ಲಿ ‘ಪಾಲು’ ಹಾಲು, ಇಲ್ಲಿ ಪಾಲು ಆಸ್ತಿಯದು. ಅಲ್ಲಿ ‘ಆಮೆ’ ಎಂದರೆ ಆಕೆ, ಇಲ್ಲಿ ಕೆರೆಯ ಆಮೆ.

ವ್ಯಾಕರಣದಲ್ಲೂ ಇಂಥ ಗುಂಡಿಗಳಿವೆ. ತೆಲುಗಿನಲ್ಲಿ ಏಕವಚನದ ಹೆಣ್ಣಿಗೂ ಪ್ರಾಣಿಗೂ ಕ್ರಿಯಾಪದ ಒಂದೇ. ಅಮ್ಮನೂ ‘ವಚ್ಚಿಂದಿ’, ಆಕಳೂ ‘ವಚ್ಚಿಂದಿ’. ಅದನ್ನೇ ಕನ್ನಡಕ್ಕೆ ಇಳಿಸಿ ಮಗು ‘ಅಮ್ಮ ಬಂತು’ ಎನ್ನುತ್ತದೆ. ಅದು ದಡ್ಡತನವೂ ಅಲ್ಲ, ಅಮ್ಮನಿಗೆ ತೋರಿದ ಅಗೌರವವೂ ಅಲ್ಲ. ಒಂದು ಭಾಷೆಯ ನಿಯಮವನ್ನು ಇನ್ನೊಂದಕ್ಕೆ ನಿಷ್ಠೆಯಿಂದ ಹಚ್ಚಿದ್ದು, ಅಷ್ಟೆ. ಎರಡೂ ಭಾಷೆ ಬಲ್ಲ ಶಿಕ್ಷಕಿಗೆ ಇದು ಕ್ಷಣಾರ್ಧದಲ್ಲಿ ಗೊತ್ತಾಗುತ್ತದೆ. ಅವರು ನಕ್ಕು, ‘ಅಮ್ಮ ಬಂದಳು ಅನ್ನಪ್ಪಾ’ ಎಂದು ಮುಂದೆ ಸಾಗುತ್ತಾರೆ. ಮೊಬೈಲ್ ಪರದೆಯ ಮೇಲಿನ ಶಿಕ್ಷಕಿಗೆ ಇದು ಗೊತ್ತಾಗುವ ಬಗೆ ಹೇಗೆ? ಬೆಂಗಳೂರಿನಲ್ಲಿ ಚಿತ್ರೀಕರಿಸಿದ ಪಾಠ ‘ಅರ್ಥವಾಯಿತೇ ಮಕ್ಕಳೇ?’ ಎಂದು ಕೇಳುತ್ತದೆ, ಉತ್ತರಕ್ಕೆ ಕಾಯದೆ ಮುಂದೆ ಓಡುತ್ತದೆ.

ಪರದೆಯ ಪಾಠದಲ್ಲಿ ಕಳೆದುಹೋಗುವುದು ಈ ನಗು ಮತ್ತು ತಿದ್ದುಪಡಿ. ಮಿಶ್ರ ಕಲಿಕೆಯನ್ನು ಇಲ್ಲಿಗೆ ಹೊಂದಿಸುವುದೆಂದರೆ ಅವೆರಡನ್ನೂ ಮತ್ತೆ ಎಲ್ಲಿ ಜೋಡಿಸುವುದು ಎಂದು ಯೋಚಿಸುವುದು.

ಎರಡು ಭಾಷೆಯ ನಡುವೆ ಸೇತುವೆ ಕಟ್ಟುವುದು ಈ ಸೀಮೆಯ ದೊಡ್ಡವರಿಗೆ ಹೊಸತೇನಲ್ಲ. ತೆಲುಗು ಪದ್ಯಗಳನ್ನು ಕನ್ನಡ ಲಿಪಿಯಲ್ಲಿ ಬರೆದಿಟ್ಟುಕೊಂಡು ಹಾಡುವ ಪದ್ಧತಿ ಗಡಿನಾಡಿನಲ್ಲಿ ಹಿಂದಿನಿಂದ ಇದೆ. ಶಾಲೆಯ ಗೇಟು ದಾಟಿದೊಡನೆ ಮಾತ್ರ ಈ ಜಾಣ್ಮೆಗೆ ಬೆಲೆ ಇರುವುದಿಲ್ಲ. ಒಡಿಶಾ ರಾಜ್ಯ 2006ರ ಸುಮಾರಿಗೆ ಸವರ, ಕುಯಿ ಮೊದಲಾದ ಹತ್ತು ಬುಡಕಟ್ಟು ಭಾಷೆಗಳಲ್ಲಿ ಮೊದಲ ತರಗತಿಗಳ ಪಾಠ ಆರಂಭಿಸಿ, ಅಲ್ಲಿಂದ ಒಡಿಯಾಕ್ಕೆ ದಾಟಿಸುವ ಯೋಜನೆ ಕೈಗೊಂಡಿತು. ಪಾವಗಡಕ್ಕೆ ಅಷ್ಟು ದೊಡ್ಡ ಯೋಜನೆ ಬೇಕೆಂದಿಲ್ಲ. ಮೊದಲ ವರ್ಷ ಪಾಠದ ನಡುವೆ ಹತ್ತು ನಿಮಿಷ ಮನೆಯ ಮಾತು ಸಾಕಾದೀತು.

ಬಳ್ಳಾರಿಯ ಕಲೆಕ್ಟರು ಕಂಡದ್ದು

ಓದಲು ಬಂದು ಅರ್ಥ ಬಾರದಿರುವುದು ಮೊಬೈಲ್ ತಂದ ರೋಗವಲ್ಲ. ಸುಮಾರು ಇನ್ನೂರು ವರ್ಷಗಳ ಹಿಂದೆ ಇದೇ ಸೀಮೆಯ ಪಕ್ಕದಲ್ಲಿ ಇದನ್ನು ಗುರುತಿಸಿ ಬರೆದಿಟ್ಟವರೊಬ್ಬರಿದ್ದಾರೆ. ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್. ಆಗಿನ ಬಳ್ಳಾರಿ ಜಿಲ್ಲೆಯಲ್ಲಿ ಪಾವಗಡಕ್ಕೆ ಅಂಟಿಕೊಂಡ ಅನಂತಪುರ ಪ್ರದೇಶವೂ ಸೇರಿತ್ತು. ಕನ್ನಡ, ತೆಲುಗು ಎರಡೂ ಬೆರೆತ ಜಿಲ್ಲೆ. ಮದ್ರಾಸ್ ಸರ್ಕಾರದ ಆದೇಶದಂತೆ ಅಲ್ಲಿನ ಊರ ಶಾಲೆಗಳ ಲೆಕ್ಕ ತೆಗೆದು 1823ರ ಆಗಸ್ಟ್‌ನಲ್ಲಿ ಕ್ಯಾಂಪ್‌ಬೆಲ್ ವರದಿ ಕಳಿಸಿದರು. 533 ಶಾಲೆ, 6,641 ವಿದ್ಯಾರ್ಥಿಗಳು. ಒಂದೊಂದು ಶಾಲೆಗೆ ಹನ್ನೆರಡರಂತೆ. ಕನ್ನಡ ಶಾಲೆಗಳೂ ತೆಲುಗು ಶಾಲೆಗಳೂ ಹೆಚ್ಚುಕಡಿಮೆ ಸಮಸಮ.

ವರದಿಯಲ್ಲಿ ಬರುವ ವಿವರಗಳು ಕೂಲಿಮಠದ ನೆನಪಿರುವ ಮನೆತನದವರಿಗೆ ಹೊಸತಲ್ಲ. ಬೆಳಗಿನ ಆರಕ್ಕೆ ಶಾಲೆ ಶುರು. ಎಲ್ಲರಿಗಿಂತ ಮೊದಲು ಬಂದ ಹುಡುಗನ ಅಂಗೈ ಮೇಲೆ ಸರಸ್ವತಿಯ ಹೆಸರು ಬರೆಯುತ್ತಿದ್ದರು. ಎರಡನೆಯವನಿಗೆ ಸೊನ್ನೆ: ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಮೆಲ್ಲಗೆ ಒಂದು ಏಟು, ನಾಲ್ಕನೆಯವನಿಗೆ ಎರಡು, ಆಮೇಲೆ ಬಂದವರಿಗೆಲ್ಲ ಒಂದೊಂದು ಹೆಚ್ಚು. (ಇಂದಿನ ಹಾಜರಿ ಆ್ಯಪ್‌ಗಳು ಇಷ್ಟು ಕಟ್ಟುನಿಟ್ಟಲ್ಲ.) ಮಕ್ಕಳು ನೆಲದ ಮೇಲೆ ಮರಳು ಹರಡಿ ಬೆರಳಿನಿಂದ ಅಕ್ಷರ ತಿದ್ದುತ್ತಿದ್ದರು. ಮುಂದಿನ ಹಂತಕ್ಕೆ ಹೋದವರು ಹಿಂದಿನವರಿಗೆ ಕಲಿಸುತ್ತಿದ್ದರು. ಕಲಿಸುತ್ತ ತಮ್ಮ ಕಲಿಕೆಯನ್ನೇ ಗಟ್ಟಿ ಮಾಡಿಕೊಳ್ಳುತ್ತಿದ್ದರು. ಈ ಕ್ರಮವನ್ನು ಕ್ಯಾಂಪ್‌ಬೆಲ್ ಮನಸಾರೆ ಮೆಚ್ಚಿ, ಇಂಗ್ಲೆಂಡಿನವರು ಇದನ್ನು ಅನುಕರಿಸಿದ್ದು ಸರಿಯಾಗಿದೆ ಎಂದರು.

ಇಂಗ್ಲೆಂಡ್ ಅನುಕರಿಸಿದ್ದು ಹೌದು. ಮದ್ರಾಸಿನ ಎಗ್ಮೋರ್‌ನಲ್ಲಿ ಸೈನಿಕರ ಅನಾಥ ಮಕ್ಕಳ ಶಾಲೆ ನಡೆಸುತ್ತಿದ್ದ ಪಾದ್ರಿ ಆಂಡ್ರೂ ಬೆಲ್, ಊರ ಮಕ್ಕಳು ಮರಳಿನಲ್ಲಿ ಬರೆಯುವುದನ್ನು ಕಂಡು ತಮ್ಮ ಶಾಲೆಗೆ ಅಳವಡಿಸಿಕೊಂಡಿದ್ದರು. ದೊಡ್ಡ ಹುಡುಗರಿಂದಲೇ ಚಿಕ್ಕವರಿಗೆ ಪಾಠ ಹೇಳಿಸುತ್ತಿದ್ದರು. 1797ರಲ್ಲಿ ಲಂಡನ್ನಿನಲ್ಲಿ ಈ ಬಗ್ಗೆ ಪುಸ್ತಕ ಬರೆದರು. ಅದು ‘ಮದ್ರಾಸ್ ಪದ್ಧತಿ’ ಎಂದೇ ಹೆಸರಾಯಿತು. ಅಲ್ಲಿಗೆ ಹೋದ ಮೇಲೆ ಅದು ಒಬ್ಬ ಮೇಷ್ಟ್ರಿಂದ ನೂರಾರು ಮಕ್ಕಳನ್ನು ಅಗ್ಗದಲ್ಲಿ ಸಾಗಹಾಕುವ ಯಂತ್ರವಾಯಿತು ಎಂಬುದು ಬೇರೆ ಕಥೆ.

ಕ್ಯಾಂಪ್‌ಬೆಲ್ ಬರೀ ಹೊಗಳಲಿಲ್ಲ. ಶಾಲೆಗಳಲ್ಲಿ ಓದಿಸುತ್ತಿದ್ದ ಕಾವ್ಯಗಳ ಭಾಷೆ ಮಕ್ಕಳ ಆಡುಮಾತಿಗಿಂತ ತೀರ ಬೇರೆ, ಅವರು ಉಚ್ಚಾರ ಕಲಿಯುತ್ತಾರೆಯೇ ಹೊರತು ಅರ್ಥವನ್ನಲ್ಲ, ಗಿಳಿಪಾಠ ಒಪ್ಪಿಸುತ್ತಾರೆ ಎಂದು ಆಕ್ಷೇಪಿಸಿದರು. ಇನ್ನೊಂದು ಅಂಕಿಯನ್ನೂ ಮರೆಯುವಂತಿಲ್ಲ. ಅಷ್ಟೂ ಮಕ್ಕಳಲ್ಲಿ ಹೆಣ್ಣುಮಕ್ಕಳು ಬರೀ 60. ಹಳೆಯ ಕೂಲಿಮಠವನ್ನು ಸ್ವರ್ಗವೆಂದು ಬಣ್ಣಿಸುವವರು ಈ ಅಂಕಿಯ ಬಳಿ ಸುಮ್ಮನಾಗುತ್ತಾರೆ. ಅಂತೂ ಆ ವರದಿ ಎರಡು ಸಂಗತಿ ತಿಳಿಸುತ್ತದೆ. ಒಡನಾಡಿಯಿಂದ ಕಲಿಯುವುದು ಈ ನೆಲದ ಶಾಲೆಗಳ ಬಲವಾಗಿತ್ತು. ಮಗುವಿನ ಮಾತಿಗೆ ಇಳಿಯದ ಪಠ್ಯ ಅವುಗಳ ದೌರ್ಬಲ್ಯವಾಗಿತ್ತು.

ಎಲ್ಲರೂ ಒಟ್ಟಿಗೆ ಮಾತಾಡುವ ತರಗತಿ

ಒಡನಾಟದ ಬಲವನ್ನು ಶಾಲೆಯೊಂದು ಬೇಕೆಂದೇ ಬಳಸಿಕೊಂಡದ್ದಕ್ಕೆ ಜಗತ್ತಿನಲ್ಲಿ ಹೆಸರಾದ ನಿದರ್ಶನ ಹವಾಯಿ ದ್ವೀಪದ್ದು. ಅಲ್ಲಿನ ಮೂಲ ನಿವಾಸಿಗಳ ಮಕ್ಕಳು ಓದಿನಲ್ಲಿ ಹಿಂದೆ ಬೀಳುತ್ತಿದ್ದರು. ಅಕ್ಕ ಅಣ್ಣಂದಿರ ಕೈಯಲ್ಲಿ ಬೆಳೆದ ಮಕ್ಕಳು. ತೊಡಕು ಬಂದರೆ ಮೇಷ್ಟ್ರನ್ನು ಕೇಳುವ ಬದಲು ಪಕ್ಕದವರನ್ನು ಕೇಳುತ್ತಿದ್ದರು. ಒಬ್ಬರು ಮಾತು ಮುಗಿಸುವ ಮುನ್ನವೇ ಇನ್ನೊಬ್ಬರು ಸೇರಿಕೊಳ್ಳುತ್ತಿದ್ದರು. ಶಾಲೆಯವರು ಇದನ್ನು ಅಶಿಸ್ತು ಎಂದುಕೊಂಡಿದ್ದರು. 1970ರ ದಶಕದಲ್ಲಿ ಹೊನೊಲುಲುವಿನಲ್ಲಿ ‘ಕಮೆಹಮೆಹ ಆರಂಭಿಕ ಶಿಕ್ಷಣ ಕಾರ್ಯಕ್ರಮ’ದ ಸಂಶೋಧಕರು ಇದು ಆ ಜನ ಮನೆಯಲ್ಲಿ ಕಥೆ ಹೇಳುವ ರೀತಿ ಎಂಬುದನ್ನು ಗಮನಿಸಿದರು. ಓದಿನ ಪಾಠವನ್ನು ನಾಲ್ಕೈದು ಮಕ್ಕಳ ಸಣ್ಣ ಗುಂಪುಗಳಿಗೆ ಇಳಿಸಿ, ಒಬ್ಬರ ಮಾತಿಗೆ ಇನ್ನೊಬ್ಬರು ಕೂಡಿಕೊಳ್ಳಲು ಬಿಟ್ಟರು. ಮಕ್ಕಳ ಓದು ಸುಧಾರಿಸಿತು.

ಕುತೂಹಲದ ಭಾಗ ಮುಂದಿನದು. 1983ರಲ್ಲಿ ಇದೇ ಕ್ರಮವನ್ನು ಅರಿಜೋನಾದ ರಫ್ ರಾಕ್ ಎಂಬಲ್ಲಿನ ನವಾಹೊ ಮಕ್ಕಳಿಗೆ ಕೊಂಡೊಯ್ದರು. ಅಲ್ಲಿ ಅದು ಹಾಗೆಯೇ ನಡೆಯಲಿಲ್ಲ. ಹುಡುಗರು ಹುಡುಗಿಯರು ಬೆರೆತ ಐದು ಜನರ ಗುಂಪಿನಲ್ಲಿ ನವಾಹೊ ಮಕ್ಕಳು ಬಾಯಿ ಬಿಡಲಿಲ್ಲ. ಇಬ್ಬರು ಮೂವರ ಗುಂಪಿನಲ್ಲಿ, ಹುಡುಗರು ಬೇರೆ ಹುಡುಗಿಯರು ಬೇರೆಯಾಗಿ ಕೂತರೆ ನೆರವಾಗುತ್ತಿದ್ದರು. ಕಥೆಯನ್ನು ತುಂಡು ತುಂಡಾಗಿ ಚರ್ಚಿಸುವುದು ಅವರಿಗೆ ಹಿಡಿಸಲಿಲ್ಲ, ಮೊದಲು ಪೂರ್ತಿ ಕೇಳಬೇಕೆಂದರು. ಸಂಶೋಧಕರು ಬದಲಿಸಿದ್ದು ಗುಂಪಿನ ಗಾತ್ರ, ಕೂರುವ ಕ್ರಮ, ಪಾಠದ ಲಯಗಳನ್ನು. ಕಲಿಯಬೇಕಾದ ವಿಷಯ ಅದೇ ಉಳಿಯಿತು. ಸಂಸ್ಕೃತಿಗೆ ತಕ್ಕ ಪಾಠವೆಂದರೆ ಇಷ್ಟೇ, ಮತ್ತು ಇದು ಕಡಿಮೆಯೇನಲ್ಲ.

ಕರ್ನಾಟಕಕ್ಕೆ ಈ ತಿಳಿವು ಬಂದದ್ದು ಬೇರೆ ದಾರಿಯಲ್ಲಿ. ಆಂಧ್ರದ ಮದನಪಲ್ಲಿ ಬಳಿಯ ರಿಷಿವ್ಯಾಲಿಯವರು ಸುತ್ತಲ ಹಳ್ಳಿಗಳ ಏಕೋಪಾಧ್ಯಾಯ ಶಾಲೆಗಳಿಗಾಗಿ ಕಲಿಕಾ ಕಾರ್ಡುಗಳನ್ನು ರೂಪಿಸಿದ್ದರು. ಅದನ್ನು ನೋಡಿ ಬಂದ ಶಿಕ್ಷಕರು 1995ರಲ್ಲಿ ಯುನಿಸೆಫ್ ನೆರವಿನಿಂದ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ‘ನಲಿ-ಕಲಿ’ ಆರಂಭಿಸಿದರು. 2009ರ ಹೊತ್ತಿಗೆ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಕೆಳ ತರಗತಿಗಳಿಗೆಲ್ಲ ವಿಸ್ತರಿಸಿತು. ಹಾಗಾಗಿ ಮಧುಗಿರಿ ಕಡೆಯ ಮಕ್ಕಳಿಗೂ ಅದು ಪರಿಚಿತ.

ಆ ಕೋಣೆಗೆ ಹೋದವರಿಗೆ ಮೊದಲು ಕಾಣುವುದು ತಲೆಯ ಮೇಲಿನ ದಾರದ ‘ಚಪ್ಪರ’; ಮಕ್ಕಳು ಬರೆದ ಚಿತ್ರಗಳು ಅದರಲ್ಲಿ ನೇತಾಡುತ್ತವೆ. ಗೋಡೆಯ ಕೆಳಭಾಗದಲ್ಲಿ ಮಕ್ಕಳ ಎತ್ತರಕ್ಕೆ ಕಪ್ಪು ಹಲಗೆ. ಬೇರೆ ಬೇರೆ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ, ‘ತಟ್ಟೆ’ ಎಂದು ಕರೆಯುವ ಗುಂಪುಗಳಲ್ಲಿ ವೃತ್ತಾಕಾರವಾಗಿ ಕೂರುತ್ತಾರೆ. ಒಂದು ತಟ್ಟೆಯವರಿಗೆ ಶಿಕ್ಷಕರ ಪೂರ್ಣ ನೆರವು, ಇನ್ನೊಂದಕ್ಕೆ ಅರ್ಧ ನೆರವು, ಮತ್ತೊಂದರಲ್ಲಿ ಸಹಪಾಠಿಯದೇ ನೆರವು, ಕೊನೆಯದರಲ್ಲಿ ಸ್ವಂತ ಕಲಿಕೆ. ಕಾರ್ಡು ಮುಗಿಸಿದ ಮಗು ಕಲಿಕಾ ಏಣಿಯಲ್ಲಿ ತನ್ನ ಮೆಟ್ಟಿಲು ಗುರುತಿಸಿಕೊಂಡು ಮುಂದಿನ ತಟ್ಟೆಗೆ ಹೋಗುತ್ತದೆ. ಮರಳು ಹೋಗಿ ಕಾರ್ಡು ಬಂದಿದೆ, ಮುಂದಿನವನು ಹಿಂದಿನವನಿಗೆ ಹೇಳಿಕೊಡುವುದು ಉಳಿದಿದೆ. ದಾಖಲೆ ತುಂಬುವ ಹೊರೆಯಲ್ಲಿ ಅನೇಕ ಕಡೆ ಇದೂ ಯಾಂತ್ರಿಕವಾಯಿತೆಂಬ ದೂರು ನಿಜ. ಆದರೂ ಮಿಶ್ರ ಕಲಿಕೆಗೆ ಬೇಕಾದ ಕೋಣೆ ಮೊದಲೇ ಸಿದ್ಧವಾಗಿತ್ತು. ಒಂದು ತಟ್ಟೆಯ ನಡುವೆ ಮೊಬೈಲ್ ಇಟ್ಟರೆ ಆಯಿತು.

ಯಂತ್ರದ ಕಡೆಯಿಂದಲೂ ಒಂದು ಒಳ್ಳೆಯ ಮಾದರಿ ಇತ್ತು. 2000ದ ನಂತರದ ವರ್ಷಗಳಲ್ಲಿ ಆಕಾಶವಾಣಿ ಕರ್ನಾಟಕದ ಕೆಳ ತರಗತಿಯ ಮಕ್ಕಳಿಗೆ ‘ಚಿನ್ನರ ಚುಕ್ಕಿ’ ಎಂಬ ಕಾರ್ಯಕ್ರಮ ಪ್ರಸಾರ ಮಾಡಿತು. 1970ರ ದಶಕದಲ್ಲಿ ನಿಕರಾಗುವಾ ದೇಶದಲ್ಲಿ ಗಣಿತ ಪಾಠಕ್ಕೆ ರೂಪಿಸಿದ ಪ್ರಶ್ನೋತ್ತರ ರೇಡಿಯೊ ಪದ್ಧತಿಯೇ ಇದಕ್ಕೂ ಮಾದರಿ. ರೇಡಿಯೊ ಪ್ರಶ್ನೆ ಕೇಳಿ ಸುಮ್ಮನಾಗುತ್ತದೆ. ಆ ಮೌನದಲ್ಲಿ ಇಡೀ ತರಗತಿ ಒಕ್ಕೊರಲಿನಿಂದ ಉತ್ತರಿಸುತ್ತದೆ, ಹಾಡಿಗೆ ಹಾಡು ಸೇರಿಸುತ್ತದೆ, ಶಿಕ್ಷಕಿ ತಪ್ಪಿದವರ ಬಳಿ ಹೋಗುತ್ತಾರೆ. ಪರದೆಯ ಪಾಠಗಳಲ್ಲಿ ಬಹುಪಾಲು ಇಲ್ಲದಿರುವುದು ಆ ಕೆಲವು ಸೆಕೆಂಡುಗಳ ಮೌನ. ದುಡ್ಡು ಖರ್ಚಿಲ್ಲದೆ ಮಾಡಬಹುದಾದ ತಿದ್ದುಪಡಿ ಅದೊಂದೇ ಇದ್ದೀತು.

ಅರಳಿಕಟ್ಟೆಯ ಮೂರು ಗುಂಪು

2020ರಲ್ಲಿ ಕೊರೋನಾ ಬಂದು ಶಾಲೆಗಳು ಮುಚ್ಚಿದಾಗ ಮಿಶ್ರ ಕಲಿಕೆ ಗೋಷ್ಠಿಯ ವಿಷಯವಾಗಿ ಉಳಿಯಲಿಲ್ಲ, ಹಟ್ಟಿಗೆ ಬಂತು. ಜುಲೈನಿಂದ ದೂರದರ್ಶನದ ಚಂದನ ವಾಹಿನಿಯಲ್ಲಿ ಪ್ರೌಢಶಾಲೆ ಮಕ್ಕಳಿಗೆ ‘ಸಂವೇದ’ ಪಾಠಗಳು ಶುರುವಾದವು. ಆಗಸ್ಟ್‌ನಲ್ಲಿ ‘ವಿದ್ಯಾಗಮ’ ಬಂತು. ಮಕ್ಕಳನ್ನು ಮೂರು ಬಗೆಯಾಗಿ ಗುರುತಿಸಲಾಯಿತು. ಯಾವ ಯಂತ್ರವೂ ಇಲ್ಲದವರು, ಇಂಟರ್ನೆಟ್ ಇಲ್ಲದ ಸಾದಾ ಮೊಬೈಲ್ ಇರುವವರು, ಸ್ಮಾರ್ಟ್‌ಫೋನ್ ಇರುವವರು. ಶಿಕ್ಷಕರು ಊರಿಗೇ ಹೋಗಿ ದೇವಸ್ಥಾನದ ಜಗಲಿ, ಅರಳಿಕಟ್ಟೆ, ಸಮುದಾಯ ಭವನಗಳಲ್ಲಿ ಸಣ್ಣ ಗುಂಪು ಕೂರಿಸಿ ಪಾಠ ಹೇಳಿದರು. ಜನ ಇದನ್ನು ವಠಾರ ಶಾಲೆ ಎಂದೂ ಕರೆದರು.

ಮೂರು ಬಗೆ ಎಂಬುದು ಯಂತ್ರದ ಲೆಕ್ಕ. ಮನೆಯ ಲೆಕ್ಕ ಬೇರೆ. ಸ್ಮಾರ್ಟ್‌ಫೋನ್ ‘ಇರುವ’ ಮನೆಯಲ್ಲಿ ಅದು ಸಾಮಾನ್ಯವಾಗಿ ಅಪ್ಪನ ಜೇಬಿನಲ್ಲಿರುತ್ತದೆ, ಅಪ್ಪ ಬೆಳಗಿನಿಂದ ಸಂಜೆವರೆಗೆ ಹೊಲದಲ್ಲೋ ಕೂಲಿಯಲ್ಲೋ ಇರುತ್ತಾನೆ. ಮನೆಗೆ ಬಂದ ಮೇಲೆ ಮೊದಲ ಸರದಿ ಅಣ್ಣನದು, ಕೊನೆಯದು ಅಕ್ಕನದು. ಹೆಣ್ಣುಮಗುವಿನ ಕೈಗೆ ಫೋನ್ ಕೊಡುವ ಬಗ್ಗೆ ಮನೆಗಳಲ್ಲಿ ಇರುವ ಅಳುಕೂ ಸಂಸ್ಕೃತಿಯ ಭಾಗವೇ. ಕ್ಯಾಂಪ್‌ಬೆಲ್ ಎಣಿಸಿದ 60ರ ನೆರಳು ಇಲ್ಲೂ ಬಿದ್ದಿದೆ.

ವಠಾರ ಶಾಲೆಯಲ್ಲಿ ಮಾತ್ರ ಒಂದು ವಿಶೇಷವಿತ್ತು. ಕಟ್ಟೆಯ ಮೇಲೆ ಕೂತ ಗುಂಪಿನಲ್ಲಿ ಅಕ್ಕ, ತಮ್ಮ, ಪಕ್ಕದ ಮನೆಯ ಹುಡುಗ ಎಲ್ಲರೂ ಇರುತ್ತಿದ್ದರು. ಫೋನ್ ಒಂದಿದ್ದರೆ ಐದು ತಲೆ ಅದರ ಸುತ್ತ ಬಾಗುತ್ತಿದ್ದವು. ಆರನೆಯ ತರಗತಿಯವಳು ಪಾಠ ಕೇಳಿ ಮೂರನೆಯ ತರಗತಿಯವನಿಗೆ ಮನೆಯ ಮಾತಿನಲ್ಲಿ ಹೇಳಲು ಅಡ್ಡಿ ಇರಲಿಲ್ಲ, ಅಲ್ಲಿ ‘ಕನ್ನಡದಲ್ಲೇ ಮಾತಾಡು’ ಎಂದು ಗದರುವ ಗೋಡೆಗಳಿರಲಿಲ್ಲ. ಬಡತನ ಕಲಿಸಿದ ಈ ಹಂಚಿಕೆಯನ್ನು ಅನೇಕರು ಕೊರತೆ ಎಂದೇ ನೋಡಿದರು. ಹವಾಯಿಯ ಸಂಶೋಧಕರು ನೋಡಿದ್ದರೆ ಟಿಪ್ಪಣಿ ಪುಸ್ತಕ ತೆಗೆಯುತ್ತಿದ್ದರು.

ಪ್ರಯೋಗ ಬಹಳ ದಿನ ನಡೆಯಲಿಲ್ಲ. ಶಿಕ್ಷಕರಿಗೂ ಮಕ್ಕಳಿಗೂ ಸೋಂಕು ತಗುಲಿ ಸಾವುಗಳೂ ಸಂಭವಿಸಿದ್ದರಿಂದ ಅಕ್ಟೋಬರ್‌ನಲ್ಲಿ ಸರ್ಕಾರ ವಿದ್ಯಾಗಮವನ್ನು ನಿಲ್ಲಿಸಿತು. 2021ರ ಜನವರಿಯಲ್ಲಿ ಶಾಲೆಯ ಆವರಣದೊಳಗೆ ಮತ್ತೆ ಆರಂಭಿಸಿತು. ಮಕ್ಕಳು ಕಳೆದುಕೊಂಡ ಕಲಿಕೆಯನ್ನು ತುಂಬಲು 2022ರಲ್ಲಿ ‘ಕಲಿಕಾ ಚೇತರಿಕೆ’ ಕಾರ್ಯಕ್ರಮ ಬಂತು. ಕಟ್ಟೆಯ ಗುಂಪುಗಳಲ್ಲಿ ಯಾರು ಯಾರಿಗೆ ಏನು ಹೇಳಿಕೊಟ್ಟರು ಎಂಬುದಕ್ಕೆ ನಮೂನೆಗಳಲ್ಲಿ ಕಾಲಂ ಇರಲಿಲ್ಲ.

ಈಗ ಪಠ್ಯಪುಸ್ತಕದ ಪಾಠದ ಪಕ್ಕದಲ್ಲಿ ಚೌಕಾಕಾರದ ಕ್ಯೂಆರ್ ಕೋಡ್ ಇದೆ. ಫೋನ್ ಹಿಡಿದರೆ ‘ದೀಕ್ಷಾ’ ಜಾಲತಾಣದ ವಿಡಿಯೊ ತೆರೆದುಕೊಳ್ಳುತ್ತದೆ. ಪಾವಗಡದ ಒಂದು ಶಾಲೆಯಲ್ಲಿ ಇದನ್ನು ಹೊಂದಿಸಿಕೊಳ್ಳಬೇಕೆಂದಿದ್ದರೆ ಆಗಬೇಕಾದದ್ದು ಹೆಚ್ಚೇನಿಲ್ಲ. ವಿಡಿಯೊವನ್ನು ಮನೆಗೆ ಕಳಿಸುವ ಬದಲು ನಾಲ್ಕೈದು ಮಕ್ಕಳ ತಟ್ಟೆಗೆ ತೋರಿಸಬೇಕು. ಪಾಠ ಪ್ರಶ್ನೆ ಕೇಳಿದಲ್ಲೆಲ್ಲ ನಿಲ್ಲಿಸುವ ಅಧಿಕಾರ ಮಕ್ಕಳಲ್ಲೇ ಒಬ್ಬರಿಗೆ ಇರಬೇಕು. ‘ಕಡಲೆಕಾಯಿ’ ಎಂದಾಗ ತೆಲುಗಿನಲ್ಲಿ ‘ವೇರುಶೆನಗ’ ಎಂದು ಕೂಗುವ ಹುಡುಗನನ್ನು ಸುಮ್ಮನಿರಿಸಬಾರದು, ಎರಡೂ ಪದವನ್ನು ಹಲಗೆಯ ಮೇಲೆ ಒಂದರ ಪಕ್ಕ ಒಂದು ಬರೆಯಬೇಕು. ಎರಡಕ್ಕೂ ಕನ್ನಡ ಲಿಪಿ ಸಾಕು. ಮನೆಗೆ ಕಳಿಸುವುದಾದರೆ ಸಂಜೆ ಏಳರ ಮೇಲೆ, ಅಪ್ಪ ಬಂದ ನಂತರ, ಚಿತ್ರಕ್ಕಿಂತ ಕಡಿಮೆ ಡೇಟಾ ಹಿಡಿಯುವ ಧ್ವನಿಯ ಪಾಠ ಕಳಿಸಬೇಕು. ಅದನ್ನು ಅವ್ವನೂ ಒಲೆಯ ಮುಂದೆ ಕೇಳುತ್ತಾಳೆ.

ತೊಡಕಿರುವುದು ಬೇರೆ ಕಡೆ. ಇದನ್ನೆಲ್ಲ ಮಾಡಲು ಆ ಮಕ್ಕಳ ಮಾತು ಗೊತ್ತಿರುವ ಶಿಕ್ಷಕರು ಬೇಕು. ಕನ್ನಡದ ಒಳನಾಡಿನಿಂದ ಬಂದ ಶಿಕ್ಷಕಿಗೆ ತೆಲುಗು ಕಿವಿಗೆ ಹತ್ತಲು ಒಂದೆರಡು ವರ್ಷ ಬೇಕು. ಹತ್ತುವ ಹೊತ್ತಿಗೆ ವರ್ಗಾವಣೆಯ ಕೌನ್ಸೆಲಿಂಗ್ ಬಂದಿರುತ್ತದೆ. ಹೊಸಬರು ಬಂದು ಹಲಗೆಯ ಮೇಲೆ ಮತ್ತೆ ರ, ಗ, ಸ, ದ, ಅ ಬರೆಯುತ್ತಾರೆ.